ಸಲ್ಯೂಷನ್ ಟ್ಯೂಬು ಮತ್ತು ಸಂಜೆಯ ಮೂರು ತಾಸು: ರಾಯಚೂರು ಕಡೆಯ ಒಂದು ಪ್ರಕರಣ

ಪಂಕ್ಚರ್ ತೇಪೆ ಅಂಟಿಸುವ ಸಲ್ಯೂಷನ್ ಮೂಸಿ ನಶೆ ಮಾಡುತ್ತಿದ್ದ ಹುಡುಗರ ಪ್ರಕರಣ ಇದು. ರಾಯಚೂರು ಜಿಲ್ಲೆಯ ಒಂದು ದೊಡ್ಡ ಊರಿನಲ್ಲಿ ನಡೆದದ್ದು. ಊರಿನ ಹೆಸರು ಹೇಳುವುದಿಲ್ಲ. ಅವರಲ್ಲಿ ಒಬ್ಬ ಹುಡುಗನನ್ನು ಮಲ್ಲು ಅಂತ ಕರೆಯುತ್ತೇನೆ, ಅದು ಅವನ ಹೆಸರಲ್ಲ. ಗುರುತು ಸಿಗುವಂಥ ಒಂದಷ್ಟು ಸಂಗತಿಗಳನ್ನೂ ಬದಲಿಸಿದ್ದೇನೆ. ಬರೆಯುವ ಮುಂಚೆ ಅವನನ್ನೂ ಅವನ ತಾಯಿಯನ್ನೂ ಕೇಳಿದೆ. "ಬರೀರಿ ಸರ, ನಾಕ್ ಮಂದಿಗೆ ಉಪಯೋಗ ಆದ್ರ ಆಗ್ಲಿ. ಆದ್ರ ನಮ್ಮ ಮನಿ ಅಂತ ಗೊತ್ತಾಗಬಾರದು" ಅಂದರು ತಾಯಿ. ನಾನು ಆಗ ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಈಗ ಬೇರೆ ಕಡೆ ವರ್ಗವಾಗಿದೆ.

ಇದನ್ನು ಬರೆಯಲು ಕಾರಣ ಇಷ್ಟೇ. ಮಕ್ಕಳು ನಶೆಗೆ ಬಿದ್ದರು ಅಂತ ಗೊತ್ತಾದಾಗ ಊರುಗಳಲ್ಲಿ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ. ಹುಡುಗರನ್ನು ಹಿಡಿದು ಬಡಿಯುವುದು, ಇಲ್ಲವೇ ಬ್ಯಾನರ್ ಹಿಡಿದು ಜಾಥಾ ಮಾಡುವುದು. ಈ ಊರಿನಲ್ಲಿ ಎರಡೂ ಆದವು. ಎರಡರಿಂದಲೂ ಏನೂ ಆಗಲಿಲ್ಲ, ಒಂದರಿಂದ ಕೆಟ್ಟದ್ದೇ ಆಯಿತು. ಆಮೇಲೆ ಏನು ಮಾಡಿದರು ಅನ್ನುವುದೇ ಇಲ್ಲಿ ಹೇಳಬೇಕಾದ ಮಾತು.

ಊರು ಮತ್ತು ಮನೆ

ಎರೆಭೂಮಿ, ಹತ್ತಿ, ತೊಗರಿ, ಸಜ್ಜೆ. ತುಂಗಭದ್ರೆಯ ಕಾಲುವೆ ನೀರು ಸಿಂಧನೂರು, ಮಾನ್ವಿ ಕಡೆ ಹರಿಯುತ್ತದೆ, ಈ ಊರಿಗೆ ಮಳೆಯೇ ಗತಿ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ ಅದು. ದೀಪಾವಳಿ ಮುಗಿಯುತ್ತಿದ್ದಂತೆ ಜನ ಗಂಟು ಮೂಟೆ ಕಟ್ಟಿದರು. ಈ ಕಡೆ ಗುಳೆ ಹೊಸದೇನಲ್ಲ, ಪ್ರತಿ ವರ್ಷ ಹೋಗುತ್ತಾರೆ, ಯುಗಾದಿಗೋ ಮೊಹರಂಗೋ ಬರುತ್ತಾರೆ. ಆ ವರ್ಷ ಮಾತ್ರ ಓಣಿ ಓಣಿಯೇ ಖಾಲಿಯಾಯಿತು.

ಮಲ್ಲು ಆಗ ಒಂಬತ್ತನೇ ಕ್ಲಾಸು. ಅಪ್ಪ, ಅವ್ವ, ಚಿಕ್ಕ ತಂಗಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರು. ಇವನನ್ನು ಬಿಟ್ಟು ಹೋದದ್ದು ಓದು ಹಾಳಾಗಬಾರದು ಅಂತ. ಅದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಎಷ್ಟೋ ಜನ "ತಂದೆ ತಾಯಿಗೆ ಜವಾಬ್ದಾರಿ ಇಲ್ಲ" ಅಂತ ಸುಲಭಕ್ಕೆ ಅಂದುಬಿಟ್ಟರು. ಮನೆಯಲ್ಲಿ ಉಳಿದದ್ದು ಅಜ್ಜಿ. ಅವರು ಬೆಳಗ್ಗೆ ಕೂಲಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ, ಬಂದಮೇಲೆ ಆಡುಗಳ ಕೆಲಸ. ಅಪ್ಪ ತಿಂಗಳಿಗೊಮ್ಮೆ ಸೋದರಮಾವನ ಫೋನ್‌ಪೇಗೆ ದುಡ್ಡು ಹಾಕುತ್ತಿದ್ದ. ಮಾವ ಅದರಲ್ಲಿ ಅಷ್ಟೋ ಇಷ್ಟೋ ಹುಡುಗನ ಕೈಗೇ ಕೊಡುತ್ತಿದ್ದ. ಭಾನುವಾರ ಹತ್ತಿ ಬಿಡಿಸಲು ಹೋದರೆ ಅದರ ಕೂಲಿ ಬೇರೆ.

ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ. ಅದಾದ ಮೇಲೆ ಅಜ್ಜಿ ಬಂದು ರೊಟ್ಟಿ ತಟ್ಟುವವರೆಗೆ ಹೊಟ್ಟೆಗೆ ಏನಿಲ್ಲ. ಶಾಲೆ ಬಿಟ್ಟ ಮೇಲೆ ಮನೆಗೆ ಬೀಗ. ಇದನ್ನೆಲ್ಲ ನಾವು ಮೊದಲೇ ನೋಡಿದ್ದೆವು, ಆದರೆ ಇದೊಂದು ಸಮಸ್ಯೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಊರಿನ ಅರ್ಧ ಮಕ್ಕಳ ಸ್ಥಿತಿ ಅದೇ ಅಲ್ವಾ.

ಗೊತ್ತಾದ ಬಗೆ

ಮೊದಲು ಕಂಡುಕೊಂಡವರು ನಮ್ಮ ಪಿಟಿ ಮೇಷ್ಟ್ರು. ಜನವರಿಯಲ್ಲಿ. ಮಲ್ಲುವಿನ ಬಾಯಿ ಸುತ್ತ, ಮೂಗಿನ ಕೆಳಗೆ ಚರ್ಮ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಚಳಿಗೆ ಒಡೆದಿದೆ ಅಂದ ಅವನು. ರಾಯಚೂರಿನ ಚಳಿ ಎಷ್ಟು ಅಂತ ಎಲ್ಲರಿಗೂ ಗೊತ್ತು. ಆಟಕ್ಕೆ ಕರೆದರೆ ಎರಡು ಸುತ್ತಿಗೇ ಕೂತುಬಿಡುತ್ತಿದ್ದ. ಒಂದು ದಿನ ಅವನ ಜೇಬಿನಿಂದ ಕರ್ಚೀಫು ಬಿತ್ತು. ಅದು ಬಟ್ಟೆಯ ಹಾಗೆ ಮಡಚಿಕೊಂಡು ಬೀಳಲಿಲ್ಲ, ಒಣಗಿದ ಎಲೆಯ ಹಾಗೆ ಸೆಟೆದು ಬಿತ್ತು. ನಡುವೆ ಹಳದಿ ಕಲೆಗಳು, ಮುಟ್ಟಿದರೆ ರಬ್ಬರಿನ ಪದರ. ವಾಸನೆ ಮಾತ್ರ ಪಂಕ್ಚರ್ ಅಂಗಡಿಯದೇ.

ಊರಾಚೆ ಹಾಳುಬಿದ್ದ ಹಳೇ ಕ್ವಾರ್ಟರ್ಸ್ ಇವೆ. ಅಲ್ಲಿ ಹೋಗಿ ನೋಡಿದರೆ ಸಲ್ಯೂಷನ್ ಟ್ಯೂಬುಗಳು, ಕೆಳಗಿನಿಂದ ಸುರುಳಿ ಸುತ್ತಿ ಕೊನೇ ಹನಿವರೆಗೂ ಹಿಂಡಿದಂಥವು. ಪಕ್ಕದಲ್ಲಿ ಹಾಲಿನ ಪ್ಯಾಕೆಟ್ಟುಗಳು, ಬಾಯಿ ಮುದುಡಿಸಿದ ಗುರುತಿನೊಂದಿಗೆ. ಒಂದೆರಡು ವೈಟ್ನರ್ ಬಾಟಲಿಗಳೂ ಇದ್ದವು. ಬಾಟಲಿಯಲ್ಲಿ ವೈಟ್ನರ್, ಥಿನ್ನರ್ ಚಿಲ್ಲರೆ ಮಾರುವುದನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ, ಪೆನ್ನಿನ ರೂಪದ್ದು ಮಾತ್ರ ಮಾರಬಹುದು. ಆದರೂ ಎಲ್ಲಿಂದಲೋ ಬಂದಿದ್ದವು.

ವಿಚಾರಿಸಿದಾಗ ಏಳು ಹುಡುಗರ ಹೆಸರು ಹೊರಬಂತು. ಐವರು ನಮ್ಮ ಶಾಲೆಯವರು, ಇಬ್ಬರು ಶಾಲೆ ಬಿಟ್ಟವರು. ಏಳರಲ್ಲಿ ಐವರ ಮನೆಯವರು ಗುಳೆ ಹೋಗಿದ್ದರು.

ಮೊದಲ ವಾರ ಕೆಟ್ಟಿತು

ಸುದ್ದಿ ಒಂದೇ ರಾತ್ರಿಯಲ್ಲಿ ಊರು ತುಂಬ ಹಬ್ಬಿತು. ಮರುದಿನ ಸಂಜೆ ಒಂದಷ್ಟು ಯುವಕರು ಕ್ವಾರ್ಟರ್ಸ್‌ಗೆ ನುಗ್ಗಿದರು. ಹುಡುಗರು ದಿಕ್ಕಾಪಾಲು ಓಡಿದರು. ಇವರು ಬೆನ್ನಟ್ಟಿದರು. ಒಬ್ಬ ಹುಡುಗ ಹೊಲದ ಬದುವಿನ ಮೇಲೆ ಬಿದ್ದು ಉಸಿರು ಸಿಗದೆ ಒದ್ದಾಡಿದ. ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡ, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅಷ್ಟರಲ್ಲಿ ಒಬ್ಬರು ಫೋನಿನಲ್ಲಿ ವಿಡಿಯೋ ಹಿಡಿದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಮುಖಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಎರಡು ದಿನ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಈ ಬೆನ್ನಟ್ಟಿದ ಸಂಗತಿ ಕೇಳಿ ನಿಜಕ್ಕೂ ಗಾಬರಿಯಾದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಏಕೆಂದರೆ ಈ ಮಾತು ಹಳ್ಳಿಗಳಲ್ಲಿ ಯಾರಿಗೂ ಗೊತ್ತಿಲ್ಲ. ಸಲ್ಯೂಷನ್‌ನಲ್ಲಿ ಟಾಲ್ಯೂಯೀನ್‌ನಂಥ ದ್ರಾವಕಗಳು ಇರುತ್ತವೆ. ಮೂಸಿದ ಕೂಡಲೇ ರಕ್ತಕ್ಕೆ, ಮಿದುಳಿಗೆ ಹೋಗುತ್ತವೆ, ಕೆಲವೇ ನಿಮಿಷ ತಲೆ ತೇಲುತ್ತದೆ. ಆ ಹೊತ್ತಿನಲ್ಲಿ ಹೃದಯದ ಬಡಿತ ಬಹಳ ನಾಜೂಕಾಗಿರುತ್ತದೆ. ಅಂಥ ಸಮಯದಲ್ಲಿ ಹೆದರಿಸಿದರೆ, ಓಡಿಸಿದರೆ, ಬಡಿತದ ಲಯ ತಪ್ಪಿ ಹುಡುಗ ನಿಂತಲ್ಲೇ ಸಾಯಬಹುದು. ಮೊದಲ ಸಲ ಮೂಸಿದವನಿಗೂ ಹೀಗಾಗಬಹುದು. "ನೀವು ಬಿಡಿಸೋದಕ್ಕೆ ಹೋಗಿ ಜೀವ ತೆಗೀತಿದ್ರಿ" ಅಂದರು ಡಾಕ್ಟರು.

ಅಂದೇ ಒಂದು ತೀರ್ಮಾನ ಆಯಿತು. ಮೂಸುತ್ತಿರುವ ಹುಡುಗನನ್ನು ಯಾರೂ ಓಡಿಸಬಾರದು, ಕೂಗಾಡಬಾರದು. ಕಂಡರೆ ಸಾವಕಾಶ ಹತ್ತಿರ ಹೋಗಿ ಗಾಳಿಗೆ ಕೂರಿಸಬೇಕು, ಬೀಡಿ, ಬೆಂಕಿ ಹತ್ತಿರ ಇರಬಾರದು.

ವಿಡಿಯೋ ವಿಷಯ ಅಷ್ಟು ಬೇಗ ಮುಗಿಯಲಿಲ್ಲ. ಅಳಿಸಿ ಅಂದರೆ "ಊರಿಗೆ ಗೊತ್ತಾಗಲಿ ಬಿಡ್ರಿ, ನಾಚಿಕೆಯಾದ್ರ ಬಿಡ್ತಾರ" ಅಂದರು. ಆಗ ಬೀಟ್ ಪೊಲೀಸರು ಬಂದು ತಿಳಿಸಿ ಹೇಳಿದರು. ನಶೆಗೆ ಸಿಲುಕುವ ಅಪಾಯದಲ್ಲಿರುವ ಮಗು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ರಕ್ಷಣೆ ಬೇಕಾದ ಮಗು. ಅಂಥ ಮಗುವಿನ ಗುರುತು ಬಯಲು ಮಾಡಿದರೆ 74ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿಡಿಯೋ ಅಳಿಸಿದರು. ಆದರೆ ಅಷ್ಟರಲ್ಲಿ ಒಬ್ಬ ಹುಡುಗನ ಶಾಲೆ ನಿಂತುಹೋಗಿತ್ತು. ಅವನು ಮತ್ತೆ ಬರಲಿಲ್ಲ. ಮನೆಗೆ ಹೋದರೆ ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಿದ್ದ. ಈ ಇಡೀ ಪ್ರಕರಣದಲ್ಲಿ ಪೂರ್ತಿ ಕೈತಪ್ಪಿ ಹೋದವನು ಅವನೇ, ಮತ್ತು ಅದಕ್ಕೆ ಕಾರಣ ಸಲ್ಯೂಷನ್ ಅಲ್ಲ, ಆ ವಿಡಿಯೋ. ಅವನು ಏಳು ಜನರಲ್ಲಿ ಎಲ್ಲರಿಗಿಂತ ಕಡಿಮೆ ಮೂಸುತ್ತಿದ್ದವನು ಅಂತ ಆಮೇಲೆ ತಿಳಿಯಿತು.

ಜಾಥಾ

ಫೆಬ್ರವರಿಯಲ್ಲಿ ಜಾಥಾ ಆಯಿತು. ಬ್ಯಾನರು, ಘೋಷಣೆ, ಪ್ರತಿಜ್ಞೆ, ಫೋಟೋ. ಮಕ್ಕಳು ಬಿಸಿಲಲ್ಲಿ ಊರು ಸುತ್ತಿದರು. ಕೊನೆಗೆ ಶಾಲೆಯ ಅಂಗಳದಲ್ಲಿ ಭಾಷಣ. ಬಂದವರು ಒಳ್ಳೆಯ ಉದ್ದೇಶದಿಂದಲೇ ಯಾವ ಯಾವ ವಸ್ತುವನ್ನು ಹೇಗೆ ಹೇಗೆ ಬಳಸಿ ಮಕ್ಕಳು ಕೆಡುತ್ತಾರೆ ಅಂತ ಒಂದೊಂದಾಗಿ ವಿವರಿಸಿದರು. ಪೆಟ್ರೋಲು, ನೇಲ್ ಪಾಲಿಶ್, ಕೆಮ್ಮಿನ ಔಷಧಿ, ಎಲ್ಲ. ಆ ವಾರವೇ ಎಂಟನೇ ಕ್ಲಾಸಿನ ಒಬ್ಬ ನನ್ನನ್ನು ಕೇಳಿದ, "ಸರ, ಕೆಮ್ಮಿನ ಔಷಧ ಎಷ್ಟು ಕುಡಿದ್ರ ಹಂಗ ಆಗ್ತದ?"

ಮುಗ್ಧ ಪ್ರಶ್ನೆಯೇ. ಆದರೆ ನೂರಾರು ಮಕ್ಕಳಿಗೆ ಗೊತ್ತಿಲ್ಲದ ಪಟ್ಟಿಯನ್ನು ನಾವೇ ಮೈಕಿನಲ್ಲಿ ಓದಿ ಹೇಳಿಸಿದಂತಾಯಿತು. ಮುಂದೆ ಶಾಲೆಯಲ್ಲಿ ಈ ಬಗ್ಗೆ ಮಾತಾಡಿದಾಗ ವಸ್ತುಗಳ ಹೆಸರು, ಬಳಸುವ ರೀತಿ ಎರಡನ್ನೂ ಬಿಟ್ಟೆವು. ಗೆಳೆಯ "ಒಂದು ಸಲ ನೋಡಲೇ" ಅಂದಾಗ ಹೇಗೆ ತಪ್ಪಿಸಿಕೊಳ್ಳಬೇಕು, ಯಾರ ಹತ್ತಿರ ಹೇಳಬಹುದು, ಅಷ್ಟೇ ಮಾತು. ಅದನ್ನೂ ಸಣ್ಣ ಗುಂಪಿನಲ್ಲಿ, ಹುಡುಗರೇ ಆಡಿ ತೋರಿಸುವ ಹಾಗೆ. ಜಾಥಾ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ದೊಡ್ಡವರಿಗಾಗಿ ಮಾಡಲಿ. ಗುಟ್ಕಾ ಜಗಿಯುತ್ತಾ ಜಾಥಾ ನೋಡುತ್ತಾ ನಿಂತವರು ಆವತ್ತು ಬಹಳ ಇದ್ದರು.

ಅಂಗಡಿಗಳು

ಮಾರುವವರನ್ನು ಹಿಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಊರಿನವರ ಗಟ್ಟಿ ನಂಬಿಕೆ. ಮದ್ಯ, ತಂಬಾಕು, ಗಾಂಜಾ ಆಗಿದ್ದರೆ ಕಾನೂನಿನ ದಾರಿ ನೇರ. ಮಕ್ಕಳಿಗೆ ಇವನ್ನು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಆದರೆ ಸಲ್ಯೂಷನ್ ಮದ್ಯವಲ್ಲ, ತಂಬಾಕಲ್ಲ, ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ. ಸೈಕಲ್ಲು, ಬೈಕು, ಬಂಡಿ ಇರುವ ಪ್ರತಿ ಮನೆಗೂ ಬೇಕಾದ ವಸ್ತು.

ಊರಿನಲ್ಲಿ ಮೂರು ಪಂಕ್ಚರ್ ಅಂಗಡಿ, ಎರಡು ಹಾರ್ಡ್‌ವೇರ್ ಅಂಗಡಿ. ಎಲ್ಲರನ್ನೂ ಪಂಚಾಯಿತಿ ಕಚೇರಿಗೆ ಕರೆದರು. ಬೈಯಲು ಕರೆದಿದ್ದಾರೆ ಅಂದುಕೊಂಡೇ ಬಂದರು ಅವರು. ಒಬ್ಬ ಪಂಕ್ಚರ್ ಅಂಗಡಿಯವರ ಮಾತು ಎಲ್ಲರ ಬಾಯಿ ಮುಚ್ಚಿಸಿತು. "ಗೌಡ್ರ ಮಗ ಬಂದು ನಮ್ಮಪ್ಪ ಸಲ್ಯೂಷನ್ ತರಾಕ ಹೇಳ್ಯಾನ ಅಂದ್ರ ನಾ ಇಲ್ಲ ಅನ್ನಲಿ ಹೆಂಗ? ಹುಡುಗ್ರ ಕೈಲಿ ಸಾಮಾನು ತರಿಸೋದು ನೀವಾ ಬಿಡ್ರಿ ಮೊದಲ."

ಅವರೇ ಒಂದು ದಾರಿಯನ್ನೂ ಹೇಳಿದರು. ಟ್ಯೂಬನ್ನು ಮುಂದೆ ನೇತುಹಾಕುವುದಿಲ್ಲ, ಗಲ್ಲಾಪೆಟ್ಟಿಗೆ ಹಿಂದೆ ಇಡುತ್ತೇವೆ. ಹುಡುಗರು ಬಂದರೆ "ಚಕ್ರ ತಗೊಂಡು ಬಾ, ನಾನೇ ಹಚ್ಚಿಕೊಡ್ತೀನಿ" ಅನ್ನುತ್ತೇವೆ. ದೊಡ್ಡವರಿಗೆ ಬೇಕಿದ್ದರೆ ಫೋನ್ ಮಾಡಲಿ. ಕಾಗದದಲ್ಲಿ ಏನೂ ಬರೆಯಲಿಲ್ಲ, ಆದರೂ ಆ ಮೂವರು ಪಂಕ್ಚರ್ ಅಂಗಡಿಯವರು ಮಾತಿಗೆ ತಪ್ಪಲಿಲ್ಲ.

ಪರಿಣಾಮ? ಕೆಲವು ದಿನ ಎಲ್ಲ ತಣ್ಣಗಾಯಿತು. ಆಮೇಲೆ ಹತ್ತೊಂಬತ್ತು ವರ್ಷದ ಒಬ್ಬ ತಾಲೂಕು ಕೇಂದ್ರದಿಂದ ಬೈಕಿನಲ್ಲಿ ತಂದು ದುಪ್ಪಟ್ಟು ದರಕ್ಕೆ ಮಾರತೊಡಗಿದ. ಅವನೂ ಮೂಸುವವನೇ. ಅವನನ್ನು ಏನು ಮಾಡಬೇಕು ಅನ್ನುವುದರ ಮೇಲೆ ದೊಡ್ಡ ಜಗಳವೇ ಆಯಿತು. ಕೊನೆಗೆ ಅವನ ಅಪ್ಪನನ್ನು ಮುಂದೆ ಕೂರಿಸಿ, ಪೊಲೀಸರಿಂದ ಎಚ್ಚರಿಕೆ ಕೊಡಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದೇ ಸಲ ಹೋದ. ಆಮೇಲೆ ಅವನೂ ಬೆಂಗಳೂರು ಬಸ್ಸು ಹತ್ತಿದ. ಊರಿಗೆ ಸಮಾಧಾನವಾಯಿತು. ಅವನಿಗೆ ಏನಾಯಿತೋ ಯಾರೂ ಕೇಳಲಿಲ್ಲ.

ಅಂಗಡಿಯವರ ಜೊತೆ ಮಾತಾಡಿದ್ದು ವ್ಯರ್ಥವಲ್ಲ. ಸಿಗುವುದು ಕಷ್ಟವಾದಷ್ಟೂ ಹೊಸಬರು ಕಡಿಮೆ. ಆದರೆ ಈಗಾಗಲೇ ಹತ್ತಿಸಿಕೊಂಡವನು ಹುಡುಕಿಕೊಂಡು ಹೋಗುತ್ತಾನೆ. ಅವನ ವಿಷಯದಲ್ಲಿ ಕೇಳಬೇಕಿದ್ದದ್ದು ಬೇರೆ ಪ್ರಶ್ನೆ.

ಅಜ್ಜಿಯ ಮನೆ

ಆ ಪ್ರಶ್ನೆ ಕೇಳಿದವರು ಆಶಾ ಕಾರ್ಯಕರ್ತೆ. ನಾವೆಲ್ಲ ಯಾರು ಮಾರುತ್ತಾರೆ ಅಂತ ತಲೆಕೆಡಿಸಿಕೊಂಡಿದ್ದಾಗ ಅವರು ಮಲ್ಲುವಿನ ಅಜ್ಜಿಯ ಹತ್ತಿರ ಹೋಗಿ, "ಯವ್ವಾ, ಇವ ಸಂಜಿಕ ಏನ್ ತಿಂತಾನ?" ಅಂದರು. ಅಜ್ಜಿ ಅತ್ತುಬಿಟ್ಟರು.

"ನಾ ಏನ್ ಮಾಡ್ಲಿ ಬೇ. ಹಗಲೆಲ್ಲ ಹೊಲದಾಗ ಇರ್ತೀನಿ. ಬಂದ್ರ ಮುಸುಕು ಹಾಕ್ಕೊಂಡು ಮಕ್ಕೊಂಡಿರ್ತಾನ. ಮೈಯೆಲ್ಲ ಒಂಥರಾ ವಾಸನಿ. ಗ್ಯಾರೇಜಿಗೆ ಹೋಗಿದ್ದೆ ಅಂತಾನ. ಯಾರಿಗ್ ಹೇಳಿದ್ರ ನನಗಾ ಬೈತಾರ."

ಅಜ್ಜಿಗೆ ಎರಡು ತಿಂಗಳಿಂದ ಗೊತ್ತಿತ್ತು. ಮಗ ಸೊಸೆಗೆ ತಿಳಿದರೆ ನೋಡಿಕೊಳ್ಳಲಿಲ್ಲ ಅಂತ ಬಯ್ಯುತ್ತಾರೆ ಅನ್ನುವ ಭಯಕ್ಕೆ ಬಾಯಿ ಬಿಟ್ಟಿರಲಿಲ್ಲ.

ಹುಡುಗನನ್ನು ಮಾತಾಡಿಸಿದ್ದು ಪಿಟಿ ಮೇಷ್ಟ್ರು, ಸ್ಟಾಫ್ ರೂಮಿನಲ್ಲಲ್ಲ, ನೆಟ್ ಕಟ್ಟುತ್ತಾ ಕಟ್ಟುತ್ತಾ. ಯಾಕೆ ಅಂತ ಕೇಳಲೇ ಇಲ್ಲ ಅವರು. ಎಷ್ಟು ಹೊತ್ತಿಗೆ ಶುರು ಮಾಡ್ತೀರಿ ಅಂತ ಕೇಳಿದರು. "ಐದಕ್ಕ ಸರ. ಹಸಿವು ಆಗಂಗಿಲ್ಲ. ಹೊತ್ತು ಹೋಗ್ತದ." ಅವನು ಹೇಳಿದ್ದು ಇಷ್ಟೇ. ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಅಲ್ಲಿ. ಬಾಯಿ ಸುತ್ತಲಿನ ಗುಳ್ಳೆ, ಕರ್ಚೀಫು, ಬೆಂಗಳೂರಿನ ಕಟ್ಟಡ, ಬರ, ಬಿಸಿಯೂಟ ಎಲ್ಲ ಸೇರಿ ಸಂಜೆ ಐದರಿಂದ ಎಂಟರ ಮೂರು ತಾಸಿಗೆ ಬಂದು ನಿಂತಿದ್ದವು.

ಅಪ್ಪನಿಗೆ ಫೋನ್ ಮಾಡಿದೆವು. "ಕೈಕಾಲು ಮುರೀರಿ ಸರ, ನಾ ಏನೂ ಅನ್ನಂಗಿಲ್ಲ" ಅಂದ ಮೊದಲು. ಸಿಟ್ಟು ಇಳಿದ ಮೇಲೆ, ಬೆಂಗಳೂರಿಗೇ ಕರೆಸಿಕೊಳ್ಳುತ್ತೇನೆ, ಕೆಲಸಕ್ಕೆ ಹಚ್ಚುತ್ತೇನೆ ಅಂದ. ಕಟ್ಟಡ ಕೆಲಸದ ಕಡೆ ಬಣ್ಣ, ಥಿನ್ನರ್ ಡಬ್ಬಗಳ ನಡುವೆಯೇ ಇರಬೇಕು ಅಂತ ತಿಳಿಸಿ ಹೇಳಿದಾಗ ಸುಮ್ಮನಾದ. ಹಾಸ್ಟೆಲಿಗೆ ಸೇರಿಸುವ ಮಾತೂ ಬಂತು. ವರ್ಷದ ನಡುವೆ ಸೀಟು ಇರಲಿಲ್ಲ. ನಿಜ ಹೇಳಬೇಕೆಂದರೆ, ಗುರುತು ಪರಿಚಯ ಇಲ್ಲದ ಜಾಗಕ್ಕೆ ಈ ಸ್ಥಿತಿಯಲ್ಲಿ ಕಳಿಸುವುದು ನನಗೂ ಸರಿ ಕಾಣಲಿಲ್ಲ.

ಮಂಗಳವಾರದ ಡಾಕ್ಟರು

ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಇದು ಗೊತ್ತಿರುವವರು ಕಡಿಮೆ. ಮಲ್ಲುವನ್ನು ಸೋದರಮಾವ ಮತ್ತು ಆಶಾ ಅಕ್ಕ ಕರೆದುಕೊಂಡು ಹೋದರು, ನಾನೂ ಹೋಗಿದ್ದೆ.

ಮಾವನ ತಲೆಯಲ್ಲಿ ಒಂದು ಭಯ ಇತ್ತು. ರಾಯಚೂರು ಕಡೆಯವರಿಗೆ ಸಿಎಚ್ ಪೌಡರ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಲಬೆರಕೆ ಸೇಂದಿ ಕುಡಿದು ಎಷ್ಟು ಮನೆ ಹಾಳಾಗಿವೆ ಅಂತ ಎಲ್ಲರೂ ಕಂಡಿದ್ದಾರೆ. ಅದನ್ನು ಒಮ್ಮೆಲೇ ಬಿಟ್ಟರೆ ಕೈ ನಡುಕ, ಫಿಟ್ಸು, ಇಲ್ಲದ್ದೆಲ್ಲ ಕಾಣುವುದು. ಅವರ ಮನೆಯಲ್ಲೇ ಒಬ್ಬರಿಗೆ ಹಾಗೆ ಆಗಿತ್ತು. ಅದಕ್ಕೆ ಮಾವ ಬಹಳ ಗಂಭೀರವಾಗಿ ಕೇಳಿದ, "ದಿನಾ ಒಂದೀಟು ಕಡಿಮಿ ಮಾಡಿಸ್ತಾ ಬರೋಣೇನ್ರಿ?"

ಡಾಕ್ಟರು ನಗಲಿಲ್ಲ. ಸೇಂದಿ ಪೌಡರಿನ ವಿಷಯದಲ್ಲಿ ನೀವು ಹೇಳುವುದು ಸರಿ, ಅದನ್ನು ಆಸ್ಪತ್ರೆಯಲ್ಲಿಟ್ಟೇ ಬಿಡಿಸಬೇಕು ಅಂದರು. ಇದು ಹಾಗಲ್ಲ. ಇವತ್ತೇ ಪೂರ್ತಿ ನಿಲ್ಲಿಸಬೇಕು. ಕೆಲವು ದಿನ ಸಿಡಿಸಿಡಿ ಅನ್ನುತ್ತಾನೆ, ನಿದ್ದೆ ಬರುವುದಿಲ್ಲ, ತಲೆ ನೋಯುತ್ತದೆ, ಅಷ್ಟೇ. ಇದಕ್ಕೆ ಅಂತಲೇ ಬೇರೆ ಮಾತ್ರೆ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರು, ಏಕೆಂದರೆ ಬಹಳ ದಿನ ಮೂಸಿದವರಲ್ಲಿ ಮೂತ್ರಪಿಂಡ ಕೆಟ್ಟು ಪೊಟ್ಯಾಷಿಯಂ ಇಳಿದು ಕೈಕಾಲು ಸೋಲುವುದುಂಟು. ವರ್ಷಗಟ್ಟಲೆ ಹೋದರೆ ಮಿದುಳಿಗೇ ಪೆಟ್ಟು. ಮಲ್ಲುವಿನದು ಅಷ್ಟು ದೂರ ಹೋಗಿರಲಿಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದರು. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡುಬಂದ ನಶೆ ಅಂದರೆ ಈ ಮೂಸುವ ವಸ್ತುಗಳದು ಮಾತ್ರ. ಕಡಿಮೆ ದುಡ್ಡಿಗೆ, ಯಾರ ಅನುಮಾನಕ್ಕೂ ಸಿಲುಕದೆ ಕೈಗೆ ಸಿಗುವುದು ಇದೇ ಅಲ್ವಾ. ಊರಿನಲ್ಲಿ ಗಾಂಜಾ ಇಲ್ಲ, ನಮ್ಮ ಮಕ್ಕಳು ಕ್ಷೇಮ ಅಂತ ಕೂತಿದ್ದ ನಮಗೆ ಅದು ನೇರವಾಗಿ ತಾಗಿತು.

ಸಂಜೆ

ಮೊದಲು ಊಟದ ವ್ಯವಸ್ಥೆ. ಸಂಜೆ ಹೊತ್ತಿಗೆ ಮಂಡಾಳ (ಮಂಡಕ್ಕಿ) ಒಗ್ಗರಣಿ, ಇಲ್ಲವೇ ಬಾಳೆಹಣ್ಣು. ಖರ್ಚು ಶಿಕ್ಷಕರು, ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು, ಇಬ್ಬರು ಅಂಗಡಿಯವರು ಹಂಚಿಕೊಂಡರು. "ನಶೆ ಮಾಡುವ ಮಕ್ಕಳಿಗೆ" ಅಂತ ಮಾಡಲಿಲ್ಲ. ಮೈದಾನಕ್ಕೆ ಯಾರು ಬಂದರೂ ತಿನ್ನಬಹುದು. ಹೀಗೆ ಮಾಡಬೇಕೆಂದು ಹಟ ಹಿಡಿದವರು ಆಶಾ ಅಕ್ಕ. ಆ ಏಳು ಜನರಿಗೆ ಮಾತ್ರ ಅಂದರೆ ಆ ಏಳು ಜನ ಬರುವುದಿಲ್ಲ ಅಂದರು. ಬರುತ್ತಲೂ ಇರಲಿಲ್ಲ.

ಶಾಲೆಯ ಗೇಟು ಎಂಟರವರೆಗೆ ತೆರೆದಿಟ್ಟರು. ಪಂಚಾಯಿತಿಯವರು ಒಂದು ದೊಡ್ಡ ಲೈಟು ಹಾಕಿಸಿದರು. ವಾಲಿಬಾಲ್. ದಿನಕ್ಕೊಬ್ಬ ದೊಡ್ಡವರು ಅಲ್ಲಿರಬೇಕು ಅಂತ ಸರದಿ ಬರೆದು ಹಚ್ಚಿದರು. ಮೊದಲ ವಾರ ಎಲ್ಲರೂ ಬಂದರು, ಫೋಟೋ ತೆಗೆದುಕೊಂಡರು. ಮೂರನೇ ವಾರದ ಹೊತ್ತಿಗೆ ಉಳಿದವರು ಪಿಟಿ ಮೇಷ್ಟ್ರು ಮತ್ತು ಒಬ್ಬ ಟೇಲರ್. ಅವರಿಗೂ ಮನೆ, ಮಠ ಇರುತ್ತದಲ್ಲ. ಏಪ್ರಿಲ್ ರಜೆ ಬಂದಾಗ ಎಲ್ಲ ನಿಂತೇಹೋಗುವ ಹಾಗಿತ್ತು.

ಯುಗಾದಿಗೆ ಮಲ್ಲುವಿನ ಅವ್ವ ಬಂದರು, ಹೋಗಲಿಲ್ಲ. ಇದು ಆ ಮನೆಯ ದೊಡ್ಡ ತೀರ್ಮಾನ, ಅದರ ಬೆಲೆಯೂ ದೊಡ್ಡದು. ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ದಿನಕ್ಕೆ 349 ರೂಪಾಯಿ, ಅದೂ ಮನೆಗೆಲ್ಲ ಸೇರಿ ವರ್ಷಕ್ಕೆ 100 ದಿನದ ಖಾತ್ರಿ. ಬೆಂಗಳೂರಿನಲ್ಲಿ ಗಂಡ ಹೆಂಡತಿ ಸೇರಿ ದುಡಿಯುತ್ತಿದ್ದದ್ದಕ್ಕೆ ಅದು ಯಾವ ಲೆಕ್ಕ? ಸಾಲದ ಕಂತು ಎರಡು ತಿಂಗಳು ತಪ್ಪಿತು. ಪಂಚಾಯಿತಿಯ ಪಿಡಿಒ ಅವರು ಕೆಲಸ ತಡವಾಗದ ಹಾಗೆ ಜಾಬ್ ಕಾರ್ಡಿನ ವ್ಯವಹಾರ ಬೇಗ ಮುಗಿಸಿಕೊಟ್ಟರು, ಕೆರೆ ಹೂಳೆತ್ತುವ ಕೆಲಸ ಸಿಕ್ಕಿತು. ಬಿಸಿಲು ಏರುವ ಮುಂಚೆ ಮುಗಿಸಿ ಮಧ್ಯಾಹ್ನಕ್ಕೆ ಮನೆಯಲ್ಲಿರುತ್ತಿದ್ದರು. ಮಕ್ಕಳ ನಶೆ ತಡೆಯುವ ಸಭೆಗೆ ಉದ್ಯೋಗ ಖಾತ್ರಿಯ ಅಧಿಕಾರಿಯನ್ನು ಯಾರೂ ಕರೆಯುವುದಿಲ್ಲ. ಕರೆಯಬೇಕು.

ಜೂನ್‌ನಲ್ಲಿ ಯಾರೂ ಯೋಜನೆ ಹಾಕದೆ ಒಂದು ಒಳ್ಳೆಯದಾಯಿತು. ಮೊಹರಂ ಜುಲೈನಲ್ಲಿತ್ತು. ನಮ್ಮ ಕಡೆ ಅಲಾಯಿ ಹಬ್ಬ ಅಂದರೆ ಜಾತಿ ಧರ್ಮ ಅಂತಿಲ್ಲ, ಊರೇ ಸೇರುತ್ತದೆ. ಹೆಜ್ಜೆ ಕುಣಿತದ ತಾಲೀಮು ಶುರುವಾಯಿತು. ಟೇಲರ್ ಮಲ್ಲುವನ್ನೂ ಅವನ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಹೋಗಿ ಹಿರಿಯರ ಮುಂದೆ ನಿಲ್ಲಿಸಿದರು. ಸಂಜೆ ಆದರೆ ಹಲಗೆ ಸದ್ದು, ಐವತ್ತು ಅರವತ್ತು ವರ್ಷದವರ ಜೊತೆ ಹದಿನೈದರ ಹುಡುಗರು ಹೆಜ್ಜೆ ಹಾಕುವುದು. ಸರದಿ ಪಟ್ಟಿ ಬೇಕಾಗಲಿಲ್ಲ, ಯಾರನ್ನೂ ಕರೆಯಬೇಕಾಗಲಿಲ್ಲ. ಒಬ್ಬ ಬರದಿದ್ದರೆ ಸಾಲು ತಪ್ಪುತ್ತದೆ, ಆಗ ಹಿರಿಯರೇ ಮನೆಗೆ ಹೋಗಿ ಎಳೆದುಕೊಂಡು ಬರುತ್ತಿದ್ದರು.

ಹಬ್ಬದ ಹೆಸರಲ್ಲಿ ಕುಡಿಯುವವರೂ ಇರುತ್ತಾರೆ, ಅದು ನಮಗೆ ಚಿಂತೆಯಾಗಿತ್ತು. ಕುಡಿದವನು ಅಲಾಯಿ ಕುಣಿಯ (ಹಬ್ಬದ ಬೆಂಕಿಗುಂಡಿಯ) ಹತ್ತಿರ ಹೆಜ್ಜೆ ಹಾಕುವಂತಿಲ್ಲ ಅನ್ನುವುದು ಆ ಊರಿನ ಹಳೇ ಕಟ್ಟಳೆ. ಹಿರಿಯರು ಆ ವರ್ಷ ಅದನ್ನು ಬಿಗಿ ಮಾಡಿದರು. ಒಬ್ಬ ದೊಡ್ಡ ಮನುಷ್ಯರನ್ನೇ ಎಲ್ಲರೆದುರು ಹೊರಗೆ ನಿಲ್ಲಿಸಿದರು. ನಮ್ಮ ಭಾಷಣಗಳಿಗಿಂತ ಹುಡುಗರ ಮೇಲೆ ಅದರ ಪರಿಣಾಮ ಜಾಸ್ತಿ ಆಯಿತು.

ಮತ್ತೆ ಒಮ್ಮೆ, ಮತ್ತು ಆಮೇಲೆ

ಹಬ್ಬ ಮುಗಿದ ಮೇಲೆ ಅವ್ವ ಬೆಂಗಳೂರಿಗೆ ಹೋದರು. ಸಾಲ ಇತ್ತು, ಹೋಗಲೇಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಮಲ್ಲು ಮತ್ತೆ ಆ ವಾಸನೆಯೊಂದಿಗೆ ಮನೆಗೆ ಬಂದ. ಈ ಸಲ ಅಜ್ಜಿ ಮುಚ್ಚಿಡಲಿಲ್ಲ. ಅದೇ ರಾತ್ರಿ ಆಶಾ ಅಕ್ಕನ ಮನೆ ಬಾಗಿಲು ಬಡಿದರು. ಮುಂದಿನ ಮಂಗಳವಾರ ಆಸ್ಪತ್ರೆ. ಯಾರೂ ಬೈಯಲಿಲ್ಲ. ಮಾವ ಅವನ ಕೈಗೆ ದುಡ್ಡು ಕೊಡುವುದು ಬಿಟ್ಟು, ಕಿರಾಣಿ ಅಂಗಡಿಯಲ್ಲಿ ಖಾತೆ ಹಚ್ಚಿಸಿದ. ಇದನ್ನು ಮೊದಲೇ ಮಾಡಬಹುದಿತ್ತು, ಎಷ್ಟು ಸುಲಭದ ಕೆಲಸ. ಮೊದಲ ಸಲ ಎರಡು ತಿಂಗಳು ಹಿಡಿದದ್ದು ಈ ಸಲ ಒಂದು ರಾತ್ರಿಯಲ್ಲಿ ಗೊತ್ತಾಯಿತಲ್ಲ, ಊರು ಗಳಿಸಿದ್ದು ಏನಾದರೂ ಇದ್ದರೆ ಅದು.

2025ರ ಎಸ್‌ಎಸ್‌ಎಲ್‌ಸಿಯಲ್ಲಿ ಮಲ್ಲುವಿನ ಎರಡು ವಿಷಯ ಹೋದವು, ಪರೀಕ್ಷೆ-2ರಲ್ಲಿ ಪಾಸಾದ. ಈಗ ಐಟಿಐ ಓದುತ್ತಿದ್ದಾನೆ. ಉಳಿದವರಲ್ಲಿ ಮೂವರು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾರೆ. ಇಬ್ಬರು ಗುಳೆ ಹೋದರು. ವಿಡಿಯೋದ ಹುಡುಗ ಊರಲ್ಲೇ ಇದ್ದಾನೆ, ಟ್ರ್ಯಾಕ್ಟರ್ ಮೇಲೆ ಹೋಗುತ್ತಾನೆ, ಶಾಲೆಯವರು ಕಂಡರೆ ಮುಖ ತಿರುಗಿಸುತ್ತಾನೆ. ಕ್ವಾರ್ಟರ್ಸ್ ಇನ್ನೂ ಹಾಗೇ ನಿಂತಿವೆ. ಕೆಡವಲು ಅನುಮತಿಯ ಕಾಗದ ಎಲ್ಲೋ ಇದೆಯಂತೆ. ಸಂಜೆಯ ಒಗ್ಗರಣಿ ಪರೀಕ್ಷೆ ಹತ್ತಿರದ ತಿಂಗಳುಗಳಲ್ಲಿ ಮಾತ್ರ ನಡೆಯುತ್ತಿದೆ ಅಂತ ಕೇಳಿದೆ. ದೀಪಾವಳಿ ಆದಮೇಲೆ ಜನ ಗುಳೆ ಹೋಗುವಾಗಲೇ ಶುರು ಮಾಡಬೇಕು ಅಂತ ಪಿಟಿ ಮೇಷ್ಟ್ರು ಹೇಳುತ್ತಲೇ ಇದ್ದಾರೆ. ದುಡ್ಡು ಯಾರು ಕೊಡಬೇಕು ಅನ್ನುವಲ್ಲಿಗೆ ಸಭೆ ಮುಗಿಯುತ್ತದೆ.

ನಿಮ್ಮೂರಲ್ಲಿ ಇಂಥದ್ದು ಕಂಡರೆ ಕೈಗೆ ಬೇಕಾದ ನಂಬರುಗಳು ಇವು. ಹುಡುಗ ಪ್ರಜ್ಞೆ ತಪ್ಪಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಮಾಡಿ. ಚಟ ಬಿಡಿಸುವ ಬಗ್ಗೆ ಕೇಳಲು 14446, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಮಗುವಿಗೆ ನೋಡಿಕೊಳ್ಳುವವರೇ ಇಲ್ಲದಿದ್ದರೆ 1098. ಎಲ್ಲವೂ ಉಚಿತ. ತಾಲೂಕು ಆಸ್ಪತ್ರೆಗೆ ಹೋಗುವುದಾದರೆ ಮಂಗಳವಾರ ಹೋಗಿ, ಮನೆಯವರಲ್ಲಿ ಹುಡುಗನಿಗೆ ಯಾರ ಮೇಲೆ ಹೆದರಿಕೆ ಕಡಿಮೆಯೋ ಅವರನ್ನು ಕರೆದುಕೊಂಡು ಹೋಗಿ.